ಹೊಳೆಗೆ ಉಡಿ ತುಂಬಲು ಹೋದಾಗ

ಹೋದ ವರ್ಷ ಮೃಗಶಿರಾ ಮಳೆ ಹುಟ್ಟಿದ ವಾರ ನಡೆದದ್ದಿದು. ಮಳೆ ಹುಟ್ಟಿದೆ ಎಂದು ಪಂಚಾಂಗ ಹೇಳುತ್ತಿತ್ತೇ ಹೊರತು, ಜಗಳೂರು ಸೀಮೆಯ ನಮ್ಮ ಸೊಕ್ಕೆಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

ನನ್ನದು ಹುಣಸೆಹಣ್ಣಿನ ವ್ಯಾಪಾರ. ಕಾಯಿ ಇನ್ನೂ ಮರದಲ್ಲಿರುವಾಗಲೇ ಕೆಳಗೆ ನಿಂತು, ಎಷ್ಟು ಹಣ್ಣು ಇಳಿದೀತು ಎಂದು ಕಣ್ಣಳತೆಯಲ್ಲೇ ಅಂದಾಜು ಮಾಡಿ ಇಡೀ ಮರವನ್ನು ಗುತ್ತಿಗೆ ಹಿಡಿಯುತ್ತೇನೆ. ಯಾರೂ ಹೇಳಿಕೊಟ್ಟ ಕೆಲಸವಲ್ಲ, ಬಿದ್ದು ಎದ್ದು ಕಲಿತದ್ದು. ಎದುರಿನವರು ಆಡಿದ ಮೊದಲ ಮಾತಿಗೆ ತಲೆಯಾಡಿಸಬೇಡಿ ಎಂದು, ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ನಾನು ಈಗಲೂ ಹೇಳುವುದುಂಟು.

ನಮ್ಮೂರ ಹತ್ತಿರದ ಕೆರೆಗೆ ಪೈಪಿನಲ್ಲಿ ತುಂಗಭದ್ರಾ ಹೊಳೆಯ ನೀರು ಬಂದಾಗಿನಿಂದ ನಮ್ಮ ಅತ್ತೆಗೆ ಒಂದೇ ಹಟ. ಹರೆಯದಲ್ಲಿ ಬಾವಿ ತಳಕ್ಕೆ ಇಳಿದು ಚಂಬಿನಲ್ಲಿ ನೀರು ಮೊಗೆದವರು ಅವರು. "ನಮ್ಮ ಕೆರೆಗೆ ಬಂದಾಳಲ್ಲ, ಅವಳ ತವರಿಗೆ ಹೋಗಿ ಉಡಿ ತುಂಬಿ ಬರ್ಬೇಕು ಕಣೇ. ಬರ್ತಾ ಒಂದು ಕೊಡ ನೀರು ತಂದು ನಮ್ಮ ಕೆರೆಗೆ ಹಾಕ್ಬೇಕು. ತಾಯಿ ಮಗಳು ಕೂಡ್ಲಿ" ಎನ್ನುತ್ತಿದ್ದರು. ಮಂಡಿನೋವಿನ ಮುದುಕಿಯ ಈ ಒಂದು ಆಸೆ ತೀರಿಸದಿದ್ದರೆ ಹೇಗೆ ಎಂದು, ನಮ್ಮ ಹಣ್ಣು ಸಾಗಿಸುವ ಬಾಷಾನ ಗಾಡಿಯಲ್ಲಿ ಹೊರಟೆವು. ದಾವಣಗೆರೆ, ಹೊನ್ನಾಳಿ ದಾಟಿ ಗೋವಿನಕೋವಿಯ ಹತ್ತಿರ ಹೊಳೆ ದಂಡೆಯಲ್ಲಿ ಇಳಿದೆವು.

ಅತ್ತೆ ಸೆರಗು ಹೊದ್ದು ಹೊಳೆಗೆ ಕೈ ಮುಗಿದರು. ಆಚೆ ದಡದಲ್ಲಿ ಗದ್ದೆಗೆ ನೀರೆತ್ತುವ ಪಂಪ್‌ಸೆಟ್ಟುಗಳ ಸದ್ದು, ಇತ್ತ ಎಮ್ಮೆ ತೊಳೆಯುವವರು, ದೂರದ ಮಡುವಿನಲ್ಲಿ ಬಲೆ ಬಿಡುತ್ತಿದ್ದ ಒಂದು ತೆಪ್ಪ. ಬೇಸಿಗೆ ಮುಗಿಯುತ್ತಿದ್ದ ಕಾಲ, ನಡುಹೊಳೆಯ ಬಂಡೆಗಳೆಲ್ಲ ಬೆನ್ನು ತೋರಿಸಿಕೊಂಡು ಬಿದ್ದಿದ್ದವು. ದಂಡೆಯ ನೀರು ಎಮ್ಮೆ ಇಳಿದು ಕದಡಿತ್ತು. ಒಳಗಿನ ಒಂದು ಚಪ್ಪಟೆ ಬಂಡೆಯ ಸುತ್ತ ಮಾತ್ರ ಗಾಜಿನಂಥ ನೀರು. ಮೊಣಕಾಲುದ್ದದ ನೀರು ಹಾದು, ಅತ್ತೆಯನ್ನು ಕೈಹಿಡಿದು ಅಲ್ಲಿಗೇ ಕರೆದೊಯ್ದೆ. ಕೊಡ ತುಂಬಿಸಿ ಬದಿಗಿಟ್ಟು, ಅತ್ತೆ ಅರಿಶಿನ, ಕುಂಕುಮ, ಬಳೆ, ಹಸಿರು ಕುಪ್ಪಸದ ಕಣ ಹರಡಿಕೊಂಡು ಪೂಜೆಗೆ ಕೂತರು.

ದಂಡೆಯಲ್ಲಿ ಒಬ್ಬ ಹೆಂಗಸು ರಗ್ಗು ಒಗೆಯುತ್ತಿದ್ದರು. ಹಾಲಮ್ಮ ಎಂದು ಹೆಸರು, ಆಮೇಲೆ ತಿಳಿದದ್ದು. ಒಗೆಯುವುದನ್ನು ನಿಲ್ಲಿಸಿ ಕೂಗಿದರು.

"ತಂಗೀ, ಅಜ್ಜೀನ ಕರ್ಕಂಡು ಈ ಕಡೀಗೆ ಬಂದ್‌ಬಿಡು. ನೀರು ಏರ್ತೈತೆ."

ಆಕಾಶ ನೋಡಿದೆ. ತುಂಡು ಮೋಡವೂ ಇಲ್ಲ. ನಮ್ಮ ಕಡೆ ಹಳ್ಳಕ್ಕೆ ನೀರು ಬರಬೇಕಾದರೆ ತಲೆಯ ಮೇಲೆ ಮಳೆ ಸುರಿಯಬೇಕು. ನಾನು ಕಂಡ ನೀರಿನ ಲೆಕ್ಕ ಅದೊಂದೇ. ಈಯಮ್ಮನಿಗೆ ರಗ್ಗು ಹರವಲು ಈ ಬಂಡೆ ಬೇಕಾಗಿದೆ, ಅದಕ್ಕೇ ಹೆದರಿಸುತ್ತಿದ್ದಾರೆ ಅಂದುಕೊಂಡೆ.

"ಮೋಡಾನೇ ಇಲ್ಲ, ನೀರು ಎಲ್ಲಿಂದ ಬರ್ತೈತೆ ಅಕ್ಕಾ? ಬಂಡೆ ಬೇಕಿದ್ರೆ ಹಂಗಂತ ಹೇಳ್ರಿ. ಅರ್ಧ ಗಂಟೆ ತಡೀರಿ, ಬಿಟ್‌ಕೊಡ್ತೀವಿ."

"ಬಂಡೆ ನಂದಲ್ಲ ತಾಯಿ, ಹೊಳೇದು. ಅದೇ ವಾಪಸ್ ಕೇಳಾಕೆ ಹತ್ತೈತೆ. ಮ್ಯಾಲೆ ತೀರ್ಥಹಳ್ಳಿ ಕಡೆ ಮಳೆ ಆದ್ರೆ ಇಲ್ಲಿ ಬಿಸಿಲಾಗೇ ಹೊಳೆ ಬರ್ತೈತೆ. ನೀರಿನ ಬಣ್ಣ ನೋಡು!"

ಬಗ್ಗಿ ನೋಡಿದೆ. ಗಾಜಿನಂತಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ನೊರೆ, ತರಗೆಲೆ, ಕಡ್ಡಿ ತೇಲಿ ಬರುತ್ತಿದ್ದವು. ಗಾಬರಿಯಾಗಿ ಅತ್ತೆಯ ತೋಳು ಹಿಡಿದೆಳೆದರೆ, "ಉಡಿ ಅರ್ಧಕ್ಕೆ ಬಿಡಬಾರ್ದು, ತಡಿಯೇ" ಎಂದು ಕೊಸರಿಕೊಂಡರು. ಬೇಗಬೇಗ ಕಣ, ಬಳೆಗಳನ್ನು ನೀರಿಗೆ ಬಿಡಿಸಿ ಎಬ್ಬಿಸುವಷ್ಟರಲ್ಲಿ ನಾವು ಬಂದ ದಾರಿ ಇರಲಿಲ್ಲ. ಒಂದು ಹೆಜ್ಜೆ ಇಟ್ಟು ನೋಡಿದೆ. ನೀರು ಸೊಂಟ ಹಿಡಿದು ಸೆಳೆಯಿತು. ಹೇಗೋ ಬಂಡೆಯ ಅಂಚು ಹಿಡಿದು ಮತ್ತೆ ಹತ್ತಿದೆ. ದಂಡೆಯಲ್ಲಿ ಬಾಷಾ ತಲೆಯ ಮೇಲೆ ಕೈ ಇಟ್ಟುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದ. ನಮ್ಮ ಮೂವರಲ್ಲಿ ಒಬ್ಬರಿಗೂ ಈಜು ಬಾರದು. ಅತ್ತೆ ಕಣ್ಣುಮುಚ್ಚಿ ನನ್ನ ಸೆರಗು ಬಿಗಿಯಾಗಿ ಹಿಡಿದುಕೊಂಡರು. ಮನೆಯಿಂದ ಕರೆತಂದವಳು ನಾನು, ಹೇಗೆ ವಾಪಸ್ ಒಯ್ಯಲಿ?

ಹಾಲಮ್ಮ ಗದ್ದಲ ಮಾಡಲಿಲ್ಲ. ಒಗೆದಿಟ್ಟ ಬಟ್ಟೆಯಿಂದ ಒಂದು ಕೆಂಪು ಸೀರೆ ಎಳೆದು, ಎತ್ತರದ ಕಲ್ಲು ಹತ್ತಿ ತಲೆಯ ಮೇಲೆ ಬೀಸತೊಡಗಿದರು. ಹೊಳೆಯ ಸದ್ದಿಗೆ ಕೂಗು ಮುಟ್ಟದಿದ್ದಾಗ ತೆಪ್ಪದವರನ್ನು ಕರೆಯಲು ಅವರಲ್ಲಿ ಅದೇ ರೂಢಿಯಂತೆ. ಮಡುವಿನಲ್ಲಿದ್ದ ತೆಪ್ಪ ತಿರುಗಿತು. ಮೀನು ಹಿಡಿಯುವ ಹನುಮಂತಣ್ಣ ಹುಟ್ಟು ಹಾಕುತ್ತಾ ಬಂದು, ತೆಪ್ಪವನ್ನು ಬಂಡೆಗೆ ಒತ್ತಿ ಹಿಡಿದು ಅತ್ತೆಯನ್ನು ಕೂಸಿನಂತೆ ಎತ್ತಿ ಒಳಗೆ ಕೂರಿಸಿದ.

ಹುಟ್ಟುಗುಣ ನೋಡಿ, ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂದ ಮಾತು, "ಅಣ್ಣಾ, ಎಷ್ಟು ತಗಂತೀರಿ? ಮೊದ್ಲೇ ಹೇಳಿಬಿಡ್ರಿ."

"ನಡುಹೊಳೆಯಾಗೆ ಚೌಕಾಸಿ ಮಾಡೋ ಹೆಣ್ಮಗಳನ್ನ ಇವತ್ತೇ ನೋಡಿದ್ದು! ಬಾಯಿ ಮುಚ್ಕಂಡು ಕುಂತ್ಕ ತಾಯಿ, ನಿಂತ್ರೆ ತೆಪ್ಪ ಮಗುಚ್ತೈತೆ."

ದಡ ಸೇರಿ ತಿರುಗಿ ನೋಡಿದರೆ ಬಂಡೆ ಮುಳುಗಿತ್ತು. ಅಲ್ಲೇ ಬಿಟ್ಟಿದ್ದ ನಮ್ಮ ಕೊಡ ಒಮ್ಮೆ ತೇಲಿ, ಒಮ್ಮೆ ಮುಳುಗಿ ಕಣ್ಮರೆಯಾಯಿತು. ಹನುಮಂತಣ್ಣ ಬಲೆ ಕೊಚ್ಚಿಹೋದೀತೆಂದು ಆಗಲೇ ಮಡುವಿನ ಕಡೆ ಹೊರಟುಬಿಟ್ಟಿದ್ದ. ಹಾಲಮ್ಮ ಒಣಗಿದ ರಗ್ಗೊಂದನ್ನು ಅತ್ತೆಗೆ ಹೊದಿಸಿದರು. ಅತ್ತೆಗೆ ಜೀವ ಉಳಿದದ್ದಕ್ಕಿಂತ ಕೊಡ ಹೋದದ್ದೇ ದೊಡ್ಡದಾಗಿತ್ತು. "ತವರಿಗೆ ಬಂದು ಬರಿಗೈಲಿ ಹೋಗೋ ಹಂಗಾತಲ್ಲೇ" ಎಂದು ಕಣ್ಣೊರೆಸಿಕೊಂಡರು.

ಹಾಲಮ್ಮ ಎದ್ದು, ತಮ್ಮ ತಾಮ್ರದ ಕೊಡವನ್ನೇ ಆ ಕೆಂಪು ನೀರಲ್ಲಿ ಮುಳುಗಿಸಿ ತಂದಿಟ್ಟರು.

"ಈ ರಾಡಿ ನೀರಾ?" ಎಂದೆ.

"ರಾಡಿ ಅಲ್ಲ, ಹೊಸ ನೀರು. ಇದಕ್ಕೆ ನಾವು ಕೈ ಮುಗೀತೀವಿ. ಅಜ್ಜಿ ಪುಣ್ಯ, ವರ್ಷದ ಮೊದಲ ನೀರೇ ಸಿಕ್ತು."

ಕೊಡದ ಬೆಲೆ ಕೊಡಲು ಹೋದೆ. ಹಾಲಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡರು. "ಮಾರಾಕೆ ತಂದಿದ್ದಲ್ಲ. ವಾಪಸ್ ಕೊಡಾಕೆ ನೀನೇ ಬರ್ಬೇಕು, ಅಜ್ಜೀನೂ ಕರ್ಕಂಡು." ಅದೊಂದೇ ಅವರಿಟ್ಟ ಷರತ್ತು. ಅದರಲ್ಲಿ ಇಳಿಸಿ ಕೇಳಲು ನನಗೆ ಏನೂ ಇರಲಿಲ್ಲ.

ಮನೆ ಮುಟ್ಟಿ ರಾತ್ರಿ ಕಳೆಯುವಷ್ಟರಲ್ಲಿ ಮಣ್ಣು ತಳ ಸೇರಿ ನೀರು ತಿಳಿಯಾಗಿತ್ತು. ತಿಳಿಯನ್ನು ಅತ್ತೆ ನಮ್ಮ ಕೆರೆಗೆ ಸುರಿದರು. ತಳದ ನುಣುಪು ಮಣ್ಣನ್ನು ಹಿತ್ತಲ ಹುಣಸೆ ಸಸಿಗೆ ಹಾಕಿದರು.

ನಮ್ಮಂಥ ಒಣಸೀಮೆಯವರು ಹೊಳೆಗೆ ಹೋದರೆ ಆಕಾಶ ನೋಡಬೇಡಿ, ನೀರಿನ ಬಣ್ಣ ನೋಡಿ. ಅದೂ ತಿಳಿಯದಿದ್ದರೆ ಅಲ್ಲಿಯವರು ಒಮ್ಮೆ ಹೇಳಿದ ಕೂಡಲೇ ಎದ್ದು ಬನ್ನಿ. ಇಷ್ಟನ್ನು ಮಾತ್ರ ಯಾರಿಗಾದರೂ ಹೇಳದೆ ಬಿಡುವುದಿಲ್ಲ ನಾನು.

ಈ ವರ್ಷ ಹಣ್ಣು ಇಳಿಸಿದ ಮೇಲೆ, ಅತ್ತೆಯನ್ನೂ ಕರೆದುಕೊಂಡು ಗೋವಿನಕೋವಿಗೆ ಹೋದೆ. ಬರಿಗೊಡ ಕೊಡಬಾರದೆಂದು ಬಾಯಿತನಕ ಒಳ್ಳೆಯ ಹುಣಸೆಹಣ್ಣು ತುಂಬಿದ್ದೆ. ಹೊಳೆ ಮತ್ತೆ ಇಳಿದಿತ್ತು. ಅದೇ ಬಂಡೆ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿತ್ತು. ಹಾಲಮ್ಮ ಕೊಡ ಇಳಿಸಿಕೊಂಡು ನಕ್ಕರು.

"ಇವತ್ತು ಬಂಡೆ ಬೇಕೇನು ತಂಗೀ? ಎಷ್ಟಕ್ಕೆ ಕೇಳ್ತೀಯ?"

"ನೀವು ಹೇಳಿದಷ್ಟಕ್ಕೆ ಅಕ್ಕಾ" ಎಂದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.