ಹಿಟ್ಟಿನ ಡಬ್ಬದಲ್ಲಿ ಕೌಂಟಿಯ ಕಾಗದ

ಸೋಮವಾರ ಗಂಡನ ಹೆಸರಿಗೆ ಬಂದ ಕಾಗದವನ್ನು ಲೆಟಿ ಹಿಟ್ಟಿನ ಡಬ್ಬದಲ್ಲಿ ಹುಗಿದಿಟ್ಟಿದ್ದಳು. ಬುಧವಾರ ಬೆಳಗಾದರೂ ಅದು ಅವಳ ಎದೆಯಿಂದ ಇಳಿದಿರಲಿಲ್ಲ. ಗುರುವಾರ ಕೌಂಟಿಯ, ಅಂದರೆ ಜಿಲ್ಲೆಯ, ಕ್ರಿಕೆಟ್ ತಂಡಕ್ಕೆ ಆಡಲು ಬರಬೇಕು, ಬುಧವಾರ ಮಧ್ಯಾಹ್ನದೊಳಗೆ ಉತ್ತರ ತಲುಪದಿದ್ದರೆ ಬೇರೆಯವರನ್ನು ಕರೆಯುತ್ತೇವೆ ಎಂದು ತಂಡದ ಕಾರ್ಯದರ್ಶಿ ಬರೆದಿದ್ದರು. ಚೆಂಡು ತಗುಲಿ ತಗುಲಿ ಗಂಡನ ನಾಲ್ಕು ಬೆರಳು ಆಗಲೇ ನಾಲ್ಕು ದಿಕ್ಕು ನೋಡುತ್ತಿದ್ದವು. ಇನ್ನೊಂದು ಮುರಿದರೆ ಆಟವಿಲ್ಲದ ಚಳಿಗಾಲದಲ್ಲಿ ಕಾಲುಚೀಲದ ಮಗ್ಗದ ಮುಂದೆ ಕೂರುವುದು ಹೇಗೆ?

ಲೆಟಿಯ ಗಂಡ ಈನಾಸ್ ಫ್ರೆಟ್‌ವೆಲ್ ಇಪ್ಪತ್ತರ ಹರೆಯದಲ್ಲಿ ಬ್ಯಾಟು ಹಿಡಿದವನು. ಹೊಡೆಯಲೆಂದಲ್ಲ, ನಿಲ್ಲಲೆಂದು. ಒಮ್ಮೆ ಯಾರ್ಕ್‌ಷೈರಿನವರ ಎದುರು ಎರಡೂವರೆ ತಾಸು ನಿಂತು ಒಂಬತ್ತು ರನ್ ಮಾಡಿದ. ಬೌಲರ್ ಬೇಸತ್ತು ಹುಲ್ಲಿನ ಮೇಲೆ ಕುಳಿತೇಬಿಟ್ಟ. ಇವನಿಗೊಂದು ಹಾಸಿಗೆ ಕೊಡಿ ಎಂದು ಜನ ಕೂಗಿದರು. ಕೂಲಿಗೆ ಆಡುವವರಿಗೆಂದೇ ಇದ್ದ ಬೇರೆ ಬಾಗಿಲಲ್ಲಿ ಎಂದೂ ಕಾಲಿಡದ ದೊಡ್ಡಮನುಷ್ಯ, ತಂಡದ ನಾಯಕನೂ ಅಂದು ಹತ್ತಿರ ಬಂದು, "ಫ್ರೆಟ್‌ವೆಲ್, ಬದುಕಿದ್ದೀಯೇನಯ್ಯ?" ಎಂದು ಕೇಳಿದ.

"ನಾನಿದ್ದೀನಿ ಸರ್. ಆ ಬೌಲರ್ ಇದ್ದಾನಾ ಅಂತ ಒಂದ್ಸಲ ನೋಡಿ."

ಅವನನ್ನು ಮದುವೆಗೆ ಒಪ್ಪಿಸಲು ಲೆಟಿಗೆ ಮೂರು ಬೇಸಿಗೆ ಹಿಡಿಯಿತು, ಅದನ್ನೂ ಅವನು ತಡೆದು ತಡೆದೇ ಆಡಿದ ಎಂದು ನೆರೆಯ ಹೆಂಗಸರು ಈಗಲೂ ನಗುತ್ತಾರೆ.

ಕರೆ ಬಾರದೆ ಕೇಳಿಕೊಂಡು ಹೋಗುವುದು ಆಟಗಾರನಿಗೆ ಮರ್ಯಾದೆಯಲ್ಲ. ಹಾಗಾಗಿ ಈ ವರ್ಷ ಆಟ ಶುರುವಾಗಿ ಮೇ ತಿಂಗಳು ಅರ್ಧ ಕಳೆದರೂ ಈನಾಸ್ ಯಾರನ್ನೂ ವಿಚಾರಿಸಲಿಲ್ಲ. ದಿನವೂ ಆಟದ ಬೂಟಿಗೆ ಬಿಳಿ ಬಳಿಯುತ್ತಿದ್ದ. ಒಣಗಿದ ಮೇಲೆ ಮತ್ತೆ ಬಳಿಯುತ್ತಿದ್ದ. ಬುಧವಾರ ಲೆಟಿ ಚಹಾ ತಂದಿಟ್ಟಾಗ ಕಪ್ಪಿನಿಂದ ಕಣ್ಣೆತ್ತದೆ ಹೇಳಿದ: "ಇಪ್ಪತ್ತು ವರ್ಷ ನನ್ನ ಔಟ್ ಮಾಡಕ್ಕೆ ಒದ್ದಾಡಿದ್ರು, ಲೆಟಿ. ಮರೆತುಬಿಟ್ರೆ ಸಾಕು ಅಂತ ಈಗ ಗೊತ್ತಾಯ್ತು ನೋಡು."

ಲೆಟಿ ಡಬ್ಬದೊಳಗೆ ಮೊಣಕೈವರೆಗೆ ಕೈಯಿಳಿಸಿ, ಕಾಗದ ತೆಗೆದು ಅವನ ಮುಂದಿಟ್ಟಳು. ಅವನು ಹಿಟ್ಟು ಊದಿ ಎರಡು ಸಲ ಓದಿದ. ಬೈಯಲಿಲ್ಲ. ಇನ್ನು ಉತ್ತರವನ್ನು ಅಂಚೆಗೆ ಹಾಕಿ ಪ್ರಯೋಜನವಿಲ್ಲ ಎಂದಷ್ಟೇ ಅಂದ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಊರಿಗೆಲ್ಲ ಇದ್ದ ಒಂದೇ ಟೆಲಿಫೋನು ಕಾಲುಚೀಲದ ಕಾರ್ಖಾನೆಯ ಕಚೇರಿಯಲ್ಲಿತ್ತು. ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಅಲ್ಲಿಗೆ ಓಡಿದಳು. ಗುಮಾಸ್ತ ನಾಟಿಂಗ್‌ಹ್ಯಾಮಿನಲ್ಲಿದ್ದ ಕಾರ್ಯದರ್ಶಿಯ ಕಚೇರಿಗೆ ಸಂಪರ್ಕ ಕೊಡಿಸಿದ್ದೇ ತಡ, ತಂತಿಯಿಲ್ಲದೆಯೂ ಅಲ್ಲಿಗೆ ಕೇಳಿಸುವಷ್ಟು ಗಟ್ಟಿಯಾಗಿ ತನ್ನ ಹೆಸರು ಹೇಳಿದಳು. ಉತ್ತರವೇಕೆ ಇಷ್ಟು ತಡ, ಫ್ರೆಟ್‌ವೆಲ್‌ಗೆ ಈಗಲೂ ಆಡುವ ಕಸುವಿದೆಯೇ ಎಂದು ಆ ಕಡೆಯಿಂದ ಕಾರ್ಯದರ್ಶಿ ಕೇಳಿದರು.

"ತಡ ಮಾಡಿದ್ದು ನಾನು ಸರ್, ಅವರಲ್ಲ. ನಾಳೆ ಮೊದಲ್ನೇ ರೈಲಿಗೇ ಬರ್ತಾರೆ. ಎದುರಿನೋರಿಗೆ ಹೊಟ್ಟೆ ತುಂಬ ತಿಂದ್ಕೊಂಡು ಬರಕ್ಕೆ ಹೇಳಿ. ನಮ್ಮನೆಯವ್ರು ಬಂದ್ರೆ ಬೇಗ ಹೊರಡೋರಲ್ಲ."