ಅಡುಗೆಯವನ ಕೋಟು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ತೋರುಬೆರಳಿನ ತುದಿಯಲ್ಲಿ ಒಂದು ಸುಟ್ಟ ಕಲೆ ಇದೆ. ಅದಂತೂ ಸುಳ್ಳಲ್ಲ.

ನಾನು ಹಿಂದೂಪುರದ ನೇಕಾರರ ಮನೆಯವನು. ಕಲ್ಯಾಣದುರ್ಗದಲ್ಲಿ ಮಾಜಿ ಸೈನಿಕರು ಸೇರಿ ನಡೆಸುವ ಪುಟ್ಟ ಮ್ಯೂಸಿಯಂ ಒಂದರಲ್ಲಿ ಹಳೆಯ ಸಮವಸ್ತ್ರ, ಬಾವುಟ, ಕಂಬಳಿಗಳನ್ನು ಹೊಲಿದು ಉಳಿಸುವುದು ನನ್ನ ಕೆಲಸ. ತೂತಿಗೆ ಒಳಗಿನಿಂದ ಬಟ್ಟೆ ಕೊಟ್ಟು, ಮುಂದೆ ಬಿಚ್ಚುವವರಿಗೆ ಗುರುತು ಸಿಗಲಿ ಎಂದು ಒಳಗೆ ಕೆಂಪು ದಾರ ಹಾಕುತ್ತೇನೆ. ಹೊರಗಡೆ ಏನೂ ಕಾಣಬಾರದು. ಕಾಣದ ಕೆಲಸಕ್ಕೆ ಚಪ್ಪಾಳೆ ಎಲ್ಲಿಂದ ಬರಬೇಕು?

ಚಪ್ಪಾಳೆಯೆಲ್ಲ ಮಂಜನಿಗೆ. ಬಂದವರಿಗೆ ಕತೆ ಹೇಳುವವನು ಅವನು. ಒಂದು ನೀರಿನ ಬಾಟಲಿ ತೋರಿಸಿ ಹೆಂಗಸರ ಕಣ್ಣಲ್ಲಿ ನೀರು ತರಿಸುತ್ತಿದ್ದ. ಆ ಬಾಟಲಿಯ ಚೀಲ ಹೊಲಿದವನು ನಾನು! ಒಂದು ದಿನವಾದರೂ ನನ್ನ ಹೆಸರು ಹೇಳಿದನೇ? ಹೊಟ್ಟೆ ಉರಿಯುತ್ತಿತ್ತು. ಅವನ ಗಂಟಲು ಕಟ್ಟಿಹೋಗಲಿ ಎಂದೂ ಅಂದುಕೊಂಡಿದ್ದೆ.

ಆಗ ಬಂದದ್ದು ಬ್ರಹ್ಮಸಮುದ್ರದ ಹನುಮಕ್ಕ ಎಂಬ ಅಜ್ಜಿಯ ತೀರಿಹೋದ ಗಂಡನ ಕೋಟು. ಕೊಡುವಾಗ ನಾನೊಬ್ಬನೇ ಇದ್ದೆ. "ನಮ್ಮೆಜಮಾನ್ರು ಮಿಲ್ಟ್ರೀಲಿ ಅಡ್ಗೆ ಮಾಡ್ತಿದ್ರು ಕಣಪ್ಪ. ಹಂಗೇ ಬರ್ಕಳಪ್ಪ," ಎಂದಿದ್ದಳು ಅಜ್ಜಿ. ಕೋಟಿನ ಎದೆಯಲ್ಲಿ ಒಂದು ತೂತು. ಇಲಿ ಕಡಿದಿರಬೇಕು ಎಂದುಕೊಂಡು ಹೊಲಿದು ಮುಚ್ಚಿದೆ.

ಆಮೇಲೆ ಬುದ್ಧಿ ಕೆಟ್ಟಿತು. ಹೊಲಿಗೆ ಬಿಚ್ಚಿ, ತೂತು ಕಾಣುವಂತೆ ತೂಗುಹಾಕಿ, ಚೀಟಿಯಲ್ಲಿ 'ಶತ್ರುವಿನ ಗುಂಡು ಹೊಕ್ಕ ಜಾಗ' ಎಂದು ಬರೆದುಬಿಟ್ಟೆ. ಜನ ಮುಗಿಬಿದ್ದರು. "ಅಯ್ಯೋ, ಗುಂಡು ಇಕ್ಕಡೇ ತಗಿಲಿಂದಂಟ!" ಎಂದು ತೆಲುಗಿನಲ್ಲಿ ಹಲುಬಿ, ಗುಂಡು ತಗುಲಿದ ಜಾಗ ಇದೇ ಎಂದು ನಂಬಿ, ಗೋರಂಟ್ಲದ ಒಬ್ಬಾಕೆ ತೂತಿಗೇ ಕೈಮುಗಿದಳು. ಮಂಜನ ಮುಖ ಹುಳ್ಳಗಾಯಿತು. ನನಗೆ ಹಬ್ಬ.

ಒಂದು ಸಂಜೆ ಮಂಜ ಹೊರಡುತ್ತಾ, "ಸೋಮಣ್ಣ, ನಾಳೆ ಹನುಮಕ್ಕ ಬತ್ತವ್ಳಂತೆ. ಗಂಡನ್ ಕೋಟು ನೋಡ್ಬೇಕಂತೆ," ಎಂದ.

ಚೀಟಿ ಬದಲಿಸಿದರೆ ಮಂಜನ ಮುಂದೆ ಮಾನ ಹೋಗುತ್ತದೆ. ಬದಲಿಸದಿದ್ದರೆ ಆ ಮುದುಕಿಯ ಗಂಡನನ್ನೇ ಸುಳ್ಳು ಮಾಡಿದಂತೆ. ಅವಳಿಗೆ ಓದು ಬರುವುದಿಲ್ಲವಲ್ಲ ಎಂದುಕೊಂಡು ಹಾಗೇ ಬಿಟ್ಟೆ.

ಬೀಗ ಹಾಕುವ ಹೊತ್ತಿಗೆ ಕತ್ತಲಾಗಿತ್ತು. ಕರೆಂಟ್ ಹೋಯಿತು...

ಮೊದಲು ಬಂದದ್ದು ವಾಸನೆ. ಈರುಳ್ಳಿ ಒಗ್ಗರಣೆಯದು. ಅಕ್ಕಪಕ್ಕ ಒಂದು ಮನೆಯೂ ಇಲ್ಲ! ಆಮೇಲೆ, ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸುವ ಸದ್ದು... ಗರ್ರ್... ಗರ್ರ್... ಕೋಟಿದ್ದ ಗಾಜಿನ ಪೆಟ್ಟಿಗೆಯ ಒಳಗಿನಿಂದ.

"ಯಾರ್ಲಾ ಅದು? ಮಂಜಾ?"

ಸದ್ದು ನಿಂತಿತು. ಕೋಟಿನ ತೂತಿನ ಸುತ್ತ ಸಣ್ಣಗೆ ಕೆಂಪು... ಊದಿದಾಗ ಕೆಂಡ ಹೊಳೆಯುತ್ತದಲ್ಲ, ಹಾಗೆ ಹೊಳೆಯಿತು. ಆರಿತು. ಮತ್ತೆ ಹೊಳೆಯಿತು. ಕೋಟು ಸುಟ್ಟುಹೋಗುತ್ತದೆ ಎಂಬ ಗಾಬರಿಯಲ್ಲಿ ಪೆಟ್ಟಿಗೆ ತೆಗೆದು ಬೆರಳಿಟ್ಟೆ. ಚುರ್ ಎಂದಿತು!

ಕರೆಂಟ್ ಬಂತು. ಕೋಟು ತಣ್ಣಗಿತ್ತು. ನನ್ನ ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಕೂಡಲೇ ಚೀಟಿ ಹರಿದು ಹೊಸದು ಬರೆದೆ: 'ಸೇನೆಯ ಅಡುಗೆಯವರ ಕೋಟು. ಒಲೆಯ ಕೆಂಡ ಸಿಡಿದು ತೂತಾಗಿದೆ.'

ಮರುದಿನ ಹನುಮಕ್ಕ ಮೊಮ್ಮಗಳ ಕೈಹಿಡಿದು ಬಂದಳು. ಆ ಹುಡುಗಿ ಚೀಟಿಯನ್ನು ಗಟ್ಟಿಯಾಗಿ ಓದಿದಳು. ಪಕ್ಕದಲ್ಲಿ ಮಂಜ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅಜ್ಜಿ ಗಾಜಿಗೆ ಅಂಗೈ ಒತ್ತಿಕೊಂಡಳು.

"ಕೆಂಡ ಸಿಡಿದದ್ನ ನಿಂಗ್ಯಾರಪ್ಪ ಹೇಳಿದ್ದು?" ಎಂದಳು. "ಅವ್ರು ನನ್ನೊಬ್ಳಿಗೇ ಹೇಳಿದ್ರು. ನಾನು ಯಾರ್ಗೂ ಬಾಯ್ಬಿಟ್ಟಿಲ್ಲ."

ನಾನು ಬೆರಳು ಮಡಚಿಕೊಂಡೆ.

ಈಗ ಆ ಕೆಂಡದ ಕತೆಯನ್ನೂ ಮಂಜನೇ ಹೇಳುತ್ತಾನೆ, ನನಗಿಂತ ಚೆನ್ನಾಗಿ. ಚಪ್ಪಾಳೆಯೂ ಅವನಿಗೇ. ಒಳಗೊಳಗೇ ನನ್ನ ಹೊಟ್ಟೆ ಉರಿಯಲು ಶುರುವಾದರೆ ಸಾಕು... ಎಂದೋ ವಾಸಿಯಾದ ಬೆರಳು ಬಿಸಿಯಾಗುತ್ತದೆ. ಎಲ್ಲಿಂದಲೋ ಈರುಳ್ಳಿ ಒಗ್ಗರಣೆಯ ವಾಸನೆ ಬರುತ್ತದೆ.