ಮಳೆಗಾರ ಚೊಲ್ಗು ಕೇಳಿದ ಎಂಟು ನಿಮಿಷ

ಸಮಸ್ತ ನಾಗರಿಕರ ಗಮನಕ್ಕೆ: ಇಂದು ಬೆಳಗ್ಗೆ ಏಳಕ್ಕೆ ಪಾಜು ಊರಾಚೆಯ ಖಾಲಿ ಮೈದಾನದಲ್ಲಿ ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಜಾಗಕ್ಕೆ ಮಾತ್ರ ಭಾರಿ ಮಳೆಯಾಗಲಿದೆ. ಅವಧಿ ಎಂಟು ನಿಮಿಷ. ಮಿಕ್ಕ ಊರು ಕೊಡೆಯನ್ನು ಮನೆಯಲ್ಲೇ ಬಿಟ್ಟು ಬರಬಹುದು.

ಈ ಮಳೆಯ ಯಜಮಾನರು ಬಾಂಗ್ ಚೊಲ್ಗು, ವಯಸ್ಸು ಅರವತ್ಮೂರು. ಇನ್ನೂ ಬೆಳಕು ಹರಿಯುತ್ತಿರುವಾಗಲೇ ಟ್ಯಾಂಕರ್ ಲಾರಿಯ ನೆತ್ತಿ ಹತ್ತಿ, ಪೈಪಿನ ತೂತುಗಳಿಗೆ ಹಲ್ಲುಕಡ್ಡಿ ಹಾಕಿ ಕಸ ತೆಗೆಯುತ್ತಿದ್ದಾರೆ. "ತುಂತುರಿಗೆ ಮೂರು ಮಿಲಿಮೀಟರ್ ತೂತು, ಪ್ರೇಮಭಂಗಕ್ಕೆ ಐದು, ಕೊಲೆಗೆ ಒಂಬತ್ತು. ನಟ ಅತ್ತಿದ್ದೆಷ್ಟು, ನಾನು ಸುರಿದಿದ್ದೆಷ್ಟು, ನೋಡೋರಿಗೆ ಗೊತ್ತೇ ಆಗಲ್ಲ."

ಸಿನಿಮಾಗೆ ಮಳೆ ಸುರಿಸುವುದು ಅವರ ಮೂವತ್ತೊಂದು ವರ್ಷದ ಕಸುಬು. ಒಂದು ದೃಶ್ಯಕ್ಕೆ ಆರು ಸಾವಿರ ಲೀಟರ್. ನಿರ್ದೇಶಕ ಗ್ವಾಕ್ ಇನ್‌ಬೇ ಅವರೊಬ್ಬರಿಗೇ ಹದಿನಾಲ್ಕು ಚಿತ್ರ. ಅರ್ಧ ದೇಶ ಈ ಗ್ವಾಕ್‌ಗೆ ಪ್ರತಿಮೆ ನಿಲ್ಲಿಸಬೇಕೆನ್ನುತ್ತದೆ, ಇನ್ನರ್ಧ ಕಟಕಟೆಯಲ್ಲಿ ನಿಲ್ಲಿಸಬೇಕೆನ್ನುತ್ತದೆ. ಈಗ ಯೊಮ್ ಹಾಯುನ್ ಎಂಬ ಹುಡುಗಿ ಟೀವಿಗಾಗಿ ಗ್ವಾಕ್ ಜೀವನದ ಸಾಕ್ಷ್ಯಚಿತ್ರ ಮಾಡುತ್ತಿದ್ದಾಳೆ. ಎಲ್ಲರೂ ಅವಳ ಕ್ಯಾಮೆರಾ ಮುಂದೆ ಮಾತಾಡಿ ಆಗಿದೆ. ಸಿನಿಮಾಗೆ ಹಿಮ ಉದುರಿಸುವ ಪ್ಯೊ ಮನ್ಸಿಕ್ ಕೂಡ. ಅವನಿಗೆ ಸಿಕ್ಕಿದ್ದು ಏಳು ನಿಮಿಷ!

"ಏಳು ನಿಮಿಷ ಹಾಳಾಗಿಹೋಗ್ಲಿ. ಅವನು ಬಾಯಿ ತೆಗೆದಾಗ ನಿಜವಾದ ಹಿಮ ಬಿತ್ತಂತೆ! ಕಾಗದ ಹರಿದು ಎಸೆಯೋ ನನ್ಮಗನಿಗೆ ದೇವರು ಪುಕ್ಕಟೆ ಚಾಕರಿ ಮಾಡ್ದ!"

"ಆರು ಸಾವಿರ ಲೀಟರ್ ಸುರಿದ್ರೂ ನಿಮ್ಮ ಹೊಟ್ಟೆ ಆರಲ್ಲ ಬಿಡ್ರಿ," ಎಂದು ಕೆಳಗೆ ನಿಂತ ಹೆಂಡತಿ ಒಕ್ಸುನ್ ಬಿಸಿ ಸಾರಿನ ಫ್ಲಾಸ್ಕ್ ಚಾಚುತ್ತಾರೆ.

ಹೊಟ್ಟೆಯಲ್ಲಿ ಉರಿಯ ಜೊತೆ ಒಂದು ಗುಟ್ಟೂ ಇದೆ. ಹತ್ತೊಂಬತ್ತು ವರ್ಷದ ಹಿಂದೆ, ಕೊರೆಯುವ ಚಳಿಗಾಲದಲ್ಲಿ, ಗ್ವಾಕ್ ಅಪ್ಪಣೆ ಕೊಟ್ಟರು: ಟ್ಯಾಂಕಿಗೆ ಐಸ್ ಹಾಕಿ, ನಾಯಕಿಯ ನಡುಕ ನಿಜವಾಗಿರಬೇಕು. ಚೊಲ್ಗು ಆಗಲಿ ಎಂದು ತಲೆಯಾಡಿಸಿ, ಲಾರಿಯನ್ನು ನೇರ ಒಕ್ಸುನ್ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಸಾರ್ವಜನಿಕ ಸ್ನಾನದ ಮನೆಗೆ ಓಡಿಸಿದರು. ಟ್ಯಾಂಕಿನ ತುಂಬ ಬಿಸಿನೀರು. ಹನ್ನೊಂದು ಸಲ ಮಳೆ, ಹನ್ನೊಂದು ಸಲ ಹಬೆ. ವಿಮರ್ಶಕರು ಅದನ್ನು 'ದುಃಖದ ಉಸಿರು' ಎಂದು ಬರೆದರು. ಪ್ರಶಸ್ತಿ ಗ್ವಾಕ್‌ಗೆ ಬಂತು.

"ಆ ನಾಯಕಿ ಒಂದೇ ಒಂದ್ಸಲ ತಲೆಯೆತ್ತಿ ಲಾರಿ ಕಡೆ ನೋಡಿದ್ಳು," ಎನ್ನುತ್ತಾರೆ ಚೊಲ್ಗು. "ಅವಳಿಗೆ ಶೀತ ಆಗ್ಲಿಲ್ಲ ನೋಡಿ. ನನ್ನ ಪ್ರಶಸ್ತಿ ಅದೇ."

ಅದನ್ನು ಇವತ್ತು ಕ್ಯಾಮೆರಾಗೆ ಹೇಳಬೇಕು. ಅದೇ ಸ್ನಾನದ ಮನೆಯ ಬಿಸಿನೀರು, ಅದೇ ಹಬೆ, ತಮ್ಮದೇ ಮಳೆಯಲ್ಲಿ ನಿಂತು. ಎಂಟು ನಿಮಿಷ. ಮನ್ಸಿಕ್‌ಗಿಂತ ಒಂದು ಜಾಸ್ತಿ, ಅಷ್ಟೇ ಆಸೆ.

ಏಳಕ್ಕೆ ಸರಿಯಾಗಿ ಹಾಯುನ್ ಬರುತ್ತಾಳೆ. ಕ್ಯಾಮೆರಾ ಚೀಲದಲ್ಲೇ ಇದೆ.

"ಅಂಕಲ್, ಚಾನೆಲ್‌ನಿಂದ ಈಗಷ್ಟೇ ಕಾಗದ ಬಂತು. ಸಾಕ್ಷ್ಯಚಿತ್ರದಲ್ಲಿ ಕೃತಕ ಹವಾಮಾನ ಕೂಡದಂತೆ. ಹವಾಮಾನ ಇಲಾಖೆ ದಾಖಲೆಯಲ್ಲಿ ಇವತ್ತು ಬಿಸಿಲು."

"ಮತ್ತೆ ಆ ಮನ್ಸಿಕ್‌ನ ಹಿಮ?"

"ಅದು ಅಸಲಿ ಅಲ್ವಾ ಅಂಕಲ್. ಬನ್ನಿ, ಒಳಗೆ ಕೂತು ಹೇಳಿ. ಎಷ್ಟು ಹೊತ್ತಾದ್ರೂ ತಗೊಳ್ಳಿ."

"ಹಿಮದವನಿಗೆ ಹಿಮ ಬಿದ್ದಿದೆ. ಮಳೆಯವನು ಒಣಕೊಂಡು ಕೂರಲ್ಲ!"

"ಹಾಗಾದ್ರೆ ನಿಜವಾದ ಮಳೆಗೆ ಕಾಯ್ತೀನಿ. ಶುಕ್ರವಾರದವರೆಗೆ. ಆಮೇಲೆ ಚಿತ್ರ ಒಪ್ಪಿಸಬೇಕು."

ನೀರು ತಣ್ಣಗಾಗುತ್ತಿದೆ. ಚೊಲ್ಗು ಟ್ಯಾಂಕಿನ ನಲ್ಲಿ ತಿರುಗಿಸುತ್ತಾರೆ. ಖಾಲಿ ಮೈದಾನದ ಮೇಲೆ ಮಳೆ, ಮಳೆಯ ಮೇಲೆ ಬೆಳ್ಳನೆಯ ಹಬೆ. ಯಾರೂ ಚಿತ್ರೀಕರಿಸುತ್ತಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವರು ಬೇರೆಯವರ ಮಳೆಗಾಗಿ ಆಕಾಶ ನೋಡುತ್ತಾರೆ.

"ಶುಕ್ರವಾರ ಹೇಗಿದೆ ನೋಡೇ."

ಒಕ್ಸುನ್ ಫೋನು ನೋಡಿ, ಗಂಡನ ಮುಖ ನೋಡಿ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಸಾವಕಾಶವಾಗಿ ಹೇಳುತ್ತಾರೆ.

"ಹಿಮ ಬೀಳತ್ತಂತೆ ಕಣ್ರೀ."